ಹೀರೋ ದುಡ್ಡು ಕೊಟ್ಟು ಆಕ್ಟ್ ಮಾಡ್ತಾನೆ, ಹೀರೋಯಿನ್ ದುಡ್ಡು ತಗೊಂಡು

ನಮ್ಮ ಕೊಪ್ಪಳ ಕಡೆ ಸಂಕ್ರಾಂತಿಯಿಂದ ಕಾರಹುಣ್ಣಿಮೆ ತನಕ ಯಾವ ಚಹಾದಂಗಡಿಗೆ ಹೋದ್ರೂ ಗೋಡೆ ಮೇಲೆ ಒಂದು ಬಣ್ಣದ ಹ್ಯಾಂಡ್‌ಬಿಲ್ ಅಂಟಿಸಿರ್ತಾರೆ. ಮೇಲೆ ಊರ ದೇವರ ಹೆಸರು, ಆಮೇಲೆ ನಾಟಕದ ಹೆಸರು, ಅದರ ಕೆಳಗೆ 'ಅರ್ಥಾತ್' ಅಂತ ಹಾಕಿ ಇನ್ನೊಂದು ಹೆಸರು. ಒಂದು ನಾಟಕಕ್ಕೆ ಎರಡು ಹೆಸರು ಯಾಕೆ ಬೇಕು ಅಂತ ಯಾರೂ ಕೇಳಲ್ಲ, ಅದು ಹಂಗೇ. ಕೆಳಗೆ ಸಾಲಾಗಿ ಸಣ್ಣ ಸಣ್ಣ ಫೋಟೋಗಳು. ಹೀರೋ, ವಿಲನ್, ಗೌಡ, ಪೊಲೀಸು, ಹಾಸ್ಯದವ, ಎಲ್ಲರೂ ಅದೇ ಊರಿನ ಹುಡುಗರು. ಅವುಗಳ ಜೊತೆ ಎರಡೋ ಮೂರೋ ಹೆಣ್ಣುಮಕ್ಕಳ ಫೋಟೋ, ಹೆಸರಿನ ಮುಂದೆ ಬೇರೆ ಊರು: ಗದಗ, ಇಳಕಲ್ಲ, ಕೊಪ್ಪಳ. ಈ ಲೇಖನ ಆ ಎರಡು ಮೂರು ಫೋಟೋಗಳ ಬಗ್ಗೆ.

ಕ್ಯಾಂಪಸ್‌ನಲ್ಲಿ ಆಕ್ಟಿಂಗ್ ಕರಿಯರ್ ಅಂದ್ರೆ ನಾವು ಮಾತಾಡೋದು ಆಡಿಷನ್, ರೀಲ್ಸ್, ಮೊದಲ ಸಿನಿಮಾ. ಆದ್ರೆ ನಟನೆಯನ್ನೇ ನಂಬಿ ಮನೆ ನಡೆಸೋ ಎಷ್ಟೋ ಜನರಿಗೆ ಅದು ಇವತ್ತು ಈ ಊರು, ನಾಳೆ ಆ ಊರು ಅನ್ನೋ ಥರದ ಕೆಲಸ. ಫೇಮಸ್ ಆಗಲ್ಲ, ಕೆಲಸ ಬಿಡೋದೂ ಇಲ್ಲ. ಇಂಗ್ಲಿಷ್‌ನವರು ಇಂಥವರಿಗೆ ಜಾಬಿಂಗ್ ಆಕ್ಟರ್ ಅಂತಾರೆ. ಕನ್ನಡದಲ್ಲಿ ಸರಿಯಾದ ಪದ ನನಗೆ ಸಿಕ್ಕಿಲ್ಲ. ಹ್ಯಾಂಡ್‌ಬಿಲ್‌ನಲ್ಲಿ 'ಕಲಾವಿದೆ' ಅಂತ ಹಾಕ್ತಾರೆ. ಅದೇ ಜನ ಮನೆಗೆ ಹೋಗಿ 'ನಾಟಕದಾಕಿ' ಅಂತಾರೆ. ಎರಡು ಪದಗಳ ನಡುವಿನ ಆ ಗ್ಯಾಪ್ ಕೂಡ ಈ ಕೆಲಸದ ಭಾಗಾನೇ.

ನನಗೆ ಇದೆಲ್ಲ ಗೊತ್ತಾಗಿದ್ದು ಭಾಗ್ಯನಗರದ ನಮ್ಮ ಓಣಿಯ ಒಬ್ಬ ಅಕ್ಕನಿಂದ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕ್ತಿಲ್ಲ. ಗೊತ್ತಿಲ್ಲದವರಿಗೆ ಹೇಳಬೇಕು: ಕೊಪ್ಪಳದಲ್ಲಿ ರೈಲ್ವೆ ಹಳಿ ದಾಟಿದ್ರೆ ಭಾಗ್ಯನಗರ. ನಮ್ಮೂರು ಹೆಸರು ಮಾಡಿರೋದು ಎರಡಕ್ಕೆ, ಮಗ್ಗ ಮತ್ತು ಕೂದಲು. ಕೂದಲು ಅಂದ್ರೆ ನಿಜವಾಗ್ಲೂ ತಲೆಕೂದಲು. ಅದನ್ನು ಬಿಡಿಸಿ, ತೊಳೆದು, ಉದ್ದ ನೋಡಿ ವಿಂಗಡಿಸಿ ಕಟ್ಟು ಕಟ್ಟಿ ಕಳಿಸ್ತಾರೆ, ಎಲ್ಲೋ ಫಾರಿನ್‌ನಲ್ಲಿ ಯಾರದೋ ವಿಗ್ ಆಗತ್ತೆ. ನಮ್ಮ ಹಳ್ಳಿ ನಾಟಕದ ದುರ್ಯೋಧನ ಮಾತ್ರ ಇನ್ನೂ ಬಾಡಿಗೆಯ ನೈಲಾನ್ ವಿಗ್‌ನಲ್ಲೇ ಗದೆ ತಿರುಗಿಸ್ತಾನೆ.

ಸರಿ, ಈಗ ದುಡ್ಡಿನ ವಿಷಯ. ಹಳ್ಳಿ ನಾಟಕ ಕಂಪನಿ ನಾಟಕದ ಹಾಗಲ್ಲ. ಸಾಮಾನ್ಯವಾಗಿ ಟಿಕೆಟ್ ಇರಲ್ಲ. ಊರಿನ ಹುಡುಗರು ಸೇರಿ ಒಂದು ನಾಟ್ಯ ಸಂಘ ಅಂತ ಮಾಡ್ಕೊಂಡು ತಲಾ ಇಷ್ಟು ಅಂತ ಪಟ್ಟಿ ಹಾಕ್ತಾರೆ. ದೊಡ್ಡ ಪಾತ್ರ ಬೇಕು ಅಂದ್ರೆ ದೊಡ್ಡ ಪಟ್ಟಿ. ಸಾಲದ್ದಕ್ಕೆ ಊರ ಹಿರಿಯರು, ಗ್ರಾಮ ಪಂಚಾಯ್ತಿ ಸದಸ್ಯರು, ಗೊಬ್ಬರದ ಅಂಗಡಿಯವರು ಕೊಡ್ತಾರೆ. ಆ ದುಡ್ಡಲ್ಲಿ ನಾಟಕ ಕಲಿಸೋ ಮಾಸ್ತರ್, ಹಾರ್ಮೋನಿಯಂ, ತಬಲಾ (ಈಗೀಗ ಕೀಬೋರ್ಡು, ರಿದಂ ಪ್ಯಾಡು), ರಂಗಸಜ್ಜಿಕೆ ಬಾಡಿಗೆ, ಲೈಟು, ಮೈಕು, ಮೇಕಪ್ಪು, ಮತ್ತೆ ಸ್ತ್ರೀ ಪಾತ್ರದ ಕಲಾವಿದೆಯರು. ಅಂದ್ರೆ ಆ ಸ್ಟೇಜ್ ಮೇಲೆ ಹೀರೋ ಕೈಯಿಂದ ದುಡ್ಡು ಹಾಕಿ ನಿಂತಿರ್ತಾನೆ, ಅವನೆದುರು ನಿಂತ ಹೀರೋಯಿನ್ ಸಂಬಳಕ್ಕೆ ನಿಂತಿರ್ತಾಳೆ. ಅವನಿಗೆ ವರ್ಷಕ್ಕೊಂದು ರಾತ್ರಿ ಹಬ್ಬ, ಅವಳಿಗೆ ಆ ವಾರದ ಮೂರನೇ ಡ್ಯೂಟಿ.

ಊರಿನ ಹುಡುಗರು ಒಂದೆರಡು ತಿಂಗಳು ತಾಲೀಮು ಮಾಡಿರ್ತಾರೆ. ಹೊಲದ ಕೆಲಸ ಮುಗಿಸಿ ರಾತ್ರಿ ಗುಡಿ ಕಟ್ಟೆ ಮೇಲೆ ಮಾಸ್ತರ್ ಬೈಗಳ ತಿಂದು ಒಂದೊಂದು ಮಾತು ಬಾಯಿಪಾಠ ಮಾಡಿರ್ತಾರೆ. ಕಲಾವಿದೆ ಬರೋದು ಬಹಳಷ್ಟು ಸಲ ನಾಟಕದ ದಿನ ಸಂಜೆ. ಹಿಂದಿನ ದಿನ ಬಂದ್ರೆ ಅದೇ ದೊಡ್ಡದು. ಹಾಗಿದ್ರೆ ಹೇಗೆ ಮಾಡ್ತಾರೆ?

ಉತ್ತರ ಅಕ್ಕನ ಟ್ರಂಕಿನಲ್ಲಿದೆ. ಅಲ್ಲಿ ನೋಟ್‌ಬುಕ್‌ಗಳ ಗಟ್ಟಿ. ಒಂದೊಂದು ನಾಟಕಕ್ಕೆ ಒಂದೊಂದು. ಅದರಲ್ಲಿ ಪೂರ್ತಿ ನಾಟಕ ಇಲ್ಲ, ಅವರ ಪಾತ್ರದ ಮಾತು ಮಾತ್ರ, ಮತ್ತು ಅದಕ್ಕೆ ಮೊದಲು ಎದುರಿನವನು ಆಡೋ ಮಾತಿನ ಕೊನೆಯ ಎರಡು ಮೂರು ಶಬ್ದ. ಆ ಶಬ್ದ ಕಿವಿಗೆ ಬಿದ್ದ ತಕ್ಷಣ ಇವರ ಮಾತು ಹೊರಗೆ ಬರಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇನ್‌ಪುಟ್ ಮತ್ತು ಔಟ್‌ಪುಟ್ ಮಾತ್ರ, ಉಳಿದಿದ್ದು ಬ್ಲ್ಯಾಕ್ ಬಾಕ್ಸ್.

ಇದು ನಮ್ಮ ಕಡೆಯವರ ಜುಗಾಡ್ ಅಂತ ಅಂದ್ಕೋಬೇಡಿ. ಶೇಕ್ಸ್‌ಪಿಯರ್ ಕಾಲದ ಇಂಗ್ಲೆಂಡ್‌ನಲ್ಲೂ ನಟನ ಕೈಗೆ ಪೂರ್ತಿ ನಾಟಕ ಕೊಡ್ತಿರಲಿಲ್ಲ. ಅವನ ಮಾತು, ಅದರ ಹಿಂದಿನ ಕ್ಯೂ, ಅಷ್ಟೇ ಬರೆದ ಉದ್ದನೆ ಕಾಗದದ ಸುರುಳಿ ಕೊಡ್ತಿದ್ರು. ಪಾತ್ರಕ್ಕೆ ನಾವು ರೋಲ್ ಅಂತೀವಲ್ಲ, ಆ ಪದ ಬಂದಿರೋದು ಫ್ರೆಂಚ್ ಭಾಷೆಯಲ್ಲಿ ಆ ಸುರುಳಿಗೆ ಇದ್ದ ಹೆಸರಿನಿಂದ. ಆಮೇಲೆ ಹದಿನೆಂಟು, ಹತ್ತೊಂಬತ್ತನೇ ಶತಮಾನದ ಕಂಪನಿಗಳಲ್ಲಿ ನಟರನ್ನ ಪಾತ್ರದ ಜಾತಿ ನೋಡಿ ತಗೊಳ್ತಿದ್ರು: ಇವನು ಖಳನಾಯಕ, ಇವಳು ಮುದುಕಿ, ಇವನು ಹಾಸ್ಯ. ನಮ್ಮಲ್ಲೂ ಹಾಗೇ. ಮಾಸ್ತರ್ ಫೋನ್ ಮಾಡಿದಾಗ ಕೇಳೋದು ನೀವು ಚೆನ್ನಾಗಿ ಆಕ್ಟ್ ಮಾಡ್ತೀರಾ ಅಂತ ಅಲ್ಲ, 'ಈ ನಾಟಕದ ತಂಗಿ ಪಾತ್ರ ಬರ್ತದೇನ್ರಿ?' ಅಂತ.

ಹಾಗಾಗಿ ಕರಿಯರ್ ಕಟ್ಟೋದು ಅಂದ್ರೆ ಮೊದಲು ಪಾತ್ರಗಳ ಸ್ಟಾಕ್ ಮಾಡೋದು. ಕಂದಗಲ್ ಹನುಮಂತರಾಯರ 'ರಕ್ತರಾತ್ರಿ' ಬರಬೇಕು, ಯಾಕಂದ್ರೆ ಪೌರಾಣಿಕ ಮಾಡೋ ಊರು ಇನ್ನೂ ಇವೆ. ಪಿ.ಬಿ. ಧುತ್ತರಗಿಯವರ ಸಾಮಾಜಿಕ ನಾಟಕಗಳು ಗೊತ್ತಿರಬೇಕು. (1974ರ ರಾಜಕುಮಾರ್ ಸಿನಿಮಾ 'ಸಂಪತ್ತಿಗೆ ಸವಾಲ್' ಧುತ್ತರಗಿಯವರ ನಾಟಕದಿಂದ ಬಂದದ್ದು. ಅಣ್ಣಾವ್ರು ಗಾಯಕರಾಗಿ ನೆಲೆ ನಿಂತಿದ್ದು ಆ ಸಿನಿಮಾದಿಂದಲೇ. ಹಳ್ಳಿ ನಾಟಕ ಅಂತ ಮೂಗು ಮುರಿಯೋ ಹಾಸ್ಟೆಲ್ ಫ್ರೆಂಡ್ಸ್‌ಗೆ ಇದನ್ನ ನಾನು ಆಗಾಗ ಹೇಳ್ತಿರ್ತೀನಿ.) ಅದರ ಮೇಲೆ ಈಗಿನ ಕವಿಗಳು ಬರೆದ ಅಣ್ಣ-ತಂಗಿ, ಅತ್ತೆ-ಸೊಸೆ, ರೈತ-ಸಾಹುಕಾರ ಕಥೆಗಳು. ಒಂದೇ ಪಾತ್ರ ಹತ್ತು ನಾಟಕದಲ್ಲಿ ಹತ್ತು ಹೆಸರಲ್ಲಿ ಬರತ್ತೆ ಅಂತ ಅಕ್ಕ ನಗ್ತಾರೆ. ಹೆಸರು ತಪ್ಪಾಗಬಾರದು ಅಷ್ಟೇ. ನಾಲ್ಕು ರಾತ್ರಿ ನಾಲ್ಕು ಊರು ಮಾಡಿದ ಮೇಲೆ ಎದುರಿಗಿರೋ ಗಂಡನ ಹೆಸರು ಏನು ಅನ್ನೋದೇ ದೊಡ್ಡ ಪ್ರಶ್ನೆ. ಅದಕ್ಕೆ ಸ್ಟೇಜ್ ಮೇಲೆ 'ರೀ' ಅನ್ನೋ ಪದ ಬಹಳ ಉಪಕಾರ ಮಾಡತ್ತೆ.

ನಾಟಕ ಶುರುವಾಗೋದು ರಾತ್ರಿ ಹತ್ತೂವರೆ ಅಂತ ಹ್ಯಾಂಡ್‌ಬಿಲ್‌ನಲ್ಲಿ ಇರತ್ತೆ. ಉದ್ಘಾಟನೆ, ಸನ್ಮಾನ, ಭಾಷಣ ಎಲ್ಲ ಮುಗಿದು ಪರದೆ ಏಳೋವಾಗ ಹನ್ನೆರಡು. ಮುಗಿಯೋದು ಬೆಳಗಿನ ಜಾವ. ನಡುನಡುವೆ ಆಯೇರಿ: ಹೀರೋನ ಮಾವ ಬಂದು ಅವನಿಗೆ ಟವೆಲ್ ಹೊದಿಸಿ ಉಂಗುರ ತೊಡಿಸ್ತಾನೆ, ಮೈಕಿನಲ್ಲಿ ಹೆಸರು ಕೂಗ್ತಾರೆ, ನಾಟಕ ಅಲ್ಲೇ ನಿಲ್ಲತ್ತೆ. ಆಗಷ್ಟೇ ಗಂಡ ಸತ್ತು ಅಳ್ತಿದ್ದ ಹೀರೋಯಿನ್ ಸೆರಗು ಸರಿ ಮಾಡ್ಕೊಂಡು ಪಕ್ಕಕ್ಕೆ ನಿಂತು, ಆಯೇರಿ ಮುಗಿದ ಮೇಲೆ ಬಿಟ್ಟಲ್ಲಿಂದ ಅಳಬೇಕು. ಇದನ್ನ ಯಾವ ಆಕ್ಟಿಂಗ್ ಸ್ಕೂಲ್‌ನಲ್ಲಿ ಕಲಿಸ್ತಾರೋ ನನಗೆ ಗೊತ್ತಿಲ್ಲ.

ಊರಿನ ಹುಡುಗ ಮಾತು ಮರೀತಾನೆ. ಸೈಡ್ ವಿಂಗ್‌ನಲ್ಲಿ ಮಾಸ್ತರ್ ಪುಸ್ತಕ ಹಿಡಿದು ಹೇಳಿಕೊಡ್ತಿರ್ತಾರೆ, ಆದ್ರೂ ಎರಡು ಪುಟ ಹಾರಿಸಿ ಮುಂದಿನ ಸೀನಿನ ಮಾತು ಆಡಿಬಿಡ್ತಾನೆ. ಆಗ ಪ್ರೇಕ್ಷಕರಿಗೆ ಗೊತ್ತಾಗದ ಹಾಗೆ ಅವನನ್ನ ವಾಪಸ್ ಕಥೆಗೆ ಎಳ್ಕೊಂಡು ಬರೋದು ದುಡ್ಡು ತಗೊಂಡವರ ಕೆಲಸ. ಅಕ್ಕ ಇದನ್ನ ನಟನೆ ಅಂತ ಲೆಕ್ಕಕ್ಕೇ ಹಿಡಿಯಲ್ಲ. ನನ್ನ ಪ್ರಕಾರ ಇದೇ ದೊಡ್ಡ ನಟನೆ. ಹೀರೋ ಚೆನ್ನಾಗಿ ಕಂಡ್ರೆ ಊರಿಗೆ ಖುಷಿ, ಊರಿಗೆ ಖುಷಿಯಾದ್ರೆ ಮುಂದಿನ ವರ್ಷ ಮತ್ತೆ ಫೋನ್ ಬರತ್ತೆ.

ಮತ್ತೆ ಫೋನ್ ಬರೋದಕ್ಕೆ ಏನೇನು ಬೇಕು ಅಂತ ಕೇಳಿದ್ದೆ. 'ಚಂದ ಆಕ್ಟ್ ಮಾಡೋರು ಭಾಳ ಮಂದಿ ಅದಾರ ತಂಗಿ. ಹೇಳಿದ ಟೈಮಿಗೆ ಬರೋರು ಕಡಿಮಿ' ಅಂದ್ರು. ಡೇಟ್ ಕೊಟ್ಟ ಮೇಲೆ ಜಾಸ್ತಿ ದುಡ್ಡು ಕೊಡೋ ಊರು ಬಂತು ಅಂತ ಕೈ ಕೊಡಬಾರದು. ಮೊದಲು ಕೊಟ್ಟ ಸಂಚಕಾರ ಅಂದ್ರೆ ಅಡ್ವಾನ್ಸ್ ಒಂದೇ ಅಗ್ರಿಮೆಂಟು, ಬೇರೆ ಕಾಗದ ಇಲ್ಲ. ಮಾಸ್ತರ್ ಒಬ್ಬ ಸಿಟ್ಟಾದ್ರೆ ಒಂದು ಊರು ಹೋಗಲ್ಲ, ಅವನು ಆ ಸೀಸನ್‌ನಲ್ಲಿ ಕಲಿಸ್ತಿರೋ ಎಲ್ಲ ಊರೂ ಹೋಗತ್ತೆ. ರಂಗಸಜ್ಜಿಕೆ ಬಾಡಿಗೆ ಕೊಡೋರೂ ಹಾಗೇ. ಯಾವ ಊರಲ್ಲಿ ಯಾವಾಗ ನಾಟಕ ಅಂತ ಅವರಿಗೆ ಎಲ್ಲರಿಗಿಂತ ಮೊದಲು ಗೊತ್ತಿರತ್ತೆ. ನಾವು ಲಿಂಕ್ಡ್‌ಇನ್‌ನಲ್ಲಿ ಮಾಡೋದನ್ನ ಅಕ್ಕ ಇವರ ಜೊತೆ ಫೋನ್‌ನಲ್ಲಿ ಮಾಡ್ತಾರೆ, ಹಬ್ಬಕ್ಕೆ ಹಾರೈಸಿ, ಮಗಳ ಮದುವೆ ಆಯ್ತಾ ಅಂತ ವಿಚಾರಿಸಿ.

ಈಗ ವರ್ಷದ ಲೆಕ್ಕ. ಸೀಸನ್ ಯಾಕೆ ಜನವರಿಯಿಂದ ಜೂನ್? ಸುಗ್ಗಿ ಮುಗಿದು ರೈತರ ಕೈಯಲ್ಲಿ ದುಡ್ಡು, ಟೈಮು ಎರಡೂ ಇರೋದು ಆಗ. ಜಾತ್ರೆಗಳೂ ಆಗಲೇ. ಜನವರಿಯಲ್ಲಿ ನಮ್ಮ ಗವಿಮಠದ ಜಾತ್ರೆ, ಬೇಸಿಗೆಗೆ ಹುಲಿಗೆಮ್ಮನ ಜಾತ್ರೆ, ಅದರ ನಡುವೆ ಊರೂರಿನ ತೇರು, ಓಕುಳಿ. ಮಳೆ ಬಿದ್ರೆ ಎಲ್ಲರೂ ಬಿತ್ತನೆಗೆ. ಆಮೇಲೆ ದಸರಾ, ದೀಪಾವಳಿಗೆ ಒಂದೊಂದು ಅಲ್ಲೊಂದು ಇಲ್ಲೊಂದು. ಸುಮ್ಮನೆ ಲೆಕ್ಕಕ್ಕೆ ಅಂತ ವರ್ಷಕ್ಕೆ 60 ನಾಟಕ ಸಿಕ್ತು ಅಂತ ಹಿಡೀರಿ. 365 ಭಾಗಿಸು 60. ಒಂದು ರಾತ್ರಿ ಸಂಪಾದನೆ ಆರು ದಿನ ಮನೆ ನಡೆಸಬೇಕು. ಒಂದು ರಾತ್ರಿಗೆ ಅಷ್ಟು ತಗೋತಾರಂತೆ ಅಂತ ಊರಲ್ಲಿ ಬಾಯಿ ಮೇಲೆ ಬೆರಳಿಟ್ಟು ಮಾತಾಡೋರು ಈ ಆರರಿಂದ ಭಾಗಿಸೋದೇ ಇಲ್ಲ. ಜೂನ್ ದುಡ್ಡು ಡಿಸೆಂಬರ್‌ಗೆ ಮುಟ್ಟಬೇಕು. ಮುಟ್ಟದಿದ್ರೆ ಸಂಘದ ಸಾಲ, ಬಂಗಾರ ಅಡ ಇಡೋದು, ಮುಂದಿನ ಸೀಸನ್‌ನಲ್ಲಿ ಬಿಡಿಸೋದು.

ಅದರಲ್ಲೂ ಖರ್ಚು ಕಳೀಬೇಕು. ಸೀರೆ, ಮೇಲಾಭರಣ, ಮೇಕಪ್ ಬಾಕ್ಸ್ ಬಹುತೇಕ ಅವರದ್ದೇ. ಒಂದೇ ಊರಿಗೆ ಹೋದ ವರ್ಷದ ಸೀರೆ ಉಟ್ಕೊಂಡು ಹೋದ್ರೆ ಜನ ಗುರುತು ಹಿಡೀತಾರೆ. ಒಬ್ಬರೇ ಹೋಗೋ ಹಾಗಿಲ್ಲ, ತಮ್ಮನೋ ಅವ್ವನೋ ಜೊತೆಗೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಒಂದು ಖರ್ಚು ಕಡಿಮೆ ಆಗಿದೆ: ಅಕ್ಕ, ಅವ್ವ ಇಬ್ಬರಿಗೂ ಬಸ್ ಫ್ರೀ. ತಮ್ಮ ಹೋದ್ರೆ ಅವನಿಗೆ ಮಾತ್ರ ಟಿಕೆಟ್. ಈಗ ಅವ್ವನೇ ಜಾಸ್ತಿ ಹೋಗ್ತಾರೆ. ಫ್ರೀ ಬಸ್ ಬಗ್ಗೆ ಎಷ್ಟೋ ಡಿಬೇಟ್ ನಡೆದಿವೆ, ಬೆಳಗಿನ ಮೊದಲ ಬಸ್‌ನಲ್ಲಿ ಅರ್ಧ ಮೇಕಪ್ ಅಳಿಸಿಕೊಂಡು ನಿದ್ದೆ ಹೊಡೀತಾ ಬರೋ ಕಲಾವಿದೆಯ ವಿಷಯ ಯಾರೂ ಎತ್ತಿದ್ದು ನಾನು ಕೇಳಿಲ್ಲ.

ಜೊತೆಗೆ ಒಬ್ಬರು ಯಾಕೆ ಬೇಕು ಅಂತ ಹುಡುಗೀರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೋಟು ಕೊಡೋ ನೆಪದಲ್ಲಿ ಸ್ಟೇಜ್ ಹತ್ತೋರು, ಕುಡಿದು ಒನ್ಸ್ ಮೋರ್ ಅಂತ ಕೂಗೋರು, ನಂಬರ್ ಕೇಳೋರು ಇರ್ತಾರೆ. ಬಹಳ ಊರುಗಳಲ್ಲಿ ಹಿರಿಯರು ಮನೆ ಮಗಳ ಹಾಗೆ ನೋಡ್ಕೋತಾರೆ, ಉಣ್ಣಾಕ್ ಹಾಕಿ ಬಸ್ ತನಕ ಬಿಟ್ಟು ಬರ್ತಾರೆ ಅಂತಾನೂ ಅಕ್ಕ ಹೇಳ್ತಾರೆ. ಆದ್ರೆ ಬಾಡಿಗೆ ಮನೆ ಕೇಳೋಕೆ ಹೋದಾಗ ಏನು ಕೆಲಸ ಅಂತ ಕೇಳಿದ್ರೆ 'ಟೇಲರಿಂಗ್' ಅಂತ ಹೇಳಬೇಕಾಗತ್ತೆ.

2020ರಲ್ಲಿ ಯುಗಾದಿ ಬಂದಿದ್ದು ಮಾರ್ಚ್ 25ಕ್ಕೆ. ದೇಶಕ್ಕೆಲ್ಲ ಲಾಕ್‌ಡೌನ್ ಶುರುವಾದ ದಿನಾನೂ ಅದೇ. ನಾವು ಆಗ ಸ್ಕೂಲಿನಲ್ಲಿದ್ವಿ, ಪರೀಕ್ಷೆ ಇಲ್ಲ ಅಂತ ಕುಣಿದಿದ್ವಿ. ಈ ಕೆಲಸದವರಿಗೆ ಅದು ಸೀಸನ್‌ನ ನಡುಮಧ್ಯ. ಬುಕ್ ಆಗಿದ್ದ ಡೇಟ್ ಎಲ್ಲ ಹೋಯ್ತು, ತಗೊಂಡ ಸಂಚಕಾರ ವಾಪಸ್ ಕೇಳೋಕೆ ಫೋನ್ ಬಂತು. 2021ರಲ್ಲಿ ಸ್ವಲ್ಪ ಶುರುವಾಗ್ತಿದ್ದ ಹಾಗೆ ಏಪ್ರಿಲ್ ಕೊನೆಗೆ ರಾಜ್ಯದಲ್ಲಿ ಮತ್ತೆ ಬಂದ್. ಎರಡು ಸೀಸನ್ ಹೋದ್ರೆ ಎರಡು ವರ್ಷ ಹೋದ ಹಾಗೆ. ಅಕ್ಕ ಆಗ ಕೂದಲು ವಿಂಗಡಿಸೋ ಕೆಲಸಕ್ಕೆ ಹೋದ್ರು. ಕೆಲವರು ಹಾಗೆ ಹೋದವರು ವಾಪಸ್ ನಾಟಕಕ್ಕೆ ಬರಲೇ ಇಲ್ಲ. ವಾರ ವಾರ ಸಂಬಳ, ರಾತ್ರಿ ಮನೇಲಿ ನಿದ್ದೆ, ಯಾರೂ ನಾಟಕದಾಕಿ ಅನ್ನಲ್ಲ. ಬರದೇ ಇದ್ದವರ ಮೇಲೆ ನನಗೆ ಯಾವ ಆಶ್ಚರ್ಯವೂ ಇಲ್ಲ. ಅಕ್ಕ ವಾಪಸ್ ಹೋಗಿದ್ದೇ ಆಶ್ಚರ್ಯ. ಯಾಕೆ ಅಂತ ಕೇಳಿದ್ರೆ ಸರಿಯಾಗಿ ಹೇಳಲಿಲ್ಲ, 'ಕೂದ್ಲಾ ಚಪ್ಪಾಳಿ ತಟ್ಟಂಗಿಲ್ಲಲ್ಲವಾ' ಅಂದ್ರು.

ಮೊದಲು ಇದಕ್ಕಿಂತ ಬೇರೆ ದಾರಿ ಇತ್ತು: ಕಂಪನಿ. ಅಲ್ಲಿ ನಟರಿಗೆ ಸಂಬಳ, ಊಟ, ಇರೋಕೆ ಜಾಗ, ಊರಿಂದ ಊರಿಗೆ ಕ್ಯಾಂಪು. ಏಣಗಿ ಬಾಳಪ್ಪನವರು (1914–2017) ಹುಡುಗನಾಗಿದ್ದಾಗ ಹೆಣ್ಣು ಪಾತ್ರ ಮಾಡ್ತಾ ಬೆಳೆದು ಮುಂದೆ ತಮ್ಮದೇ ಕಲಾವೈಭವ ನಾಟ್ಯ ಸಂಘ ನಡೆಸಿದವರು. ಬಳ್ಳಾರಿಯ ಸುಭದ್ರಮ್ಮ ಮನ್ಸೂರು ಅವರನ್ನ ನಮ್ಮ ಅಜ್ಜಿ ವಯಸ್ಸಿನವರು ಇವತ್ತಿಗೂ 'ರಕ್ತರಾತ್ರಿ'ಯ ದ್ರೌಪದಿ ಅಂತಲೇ ನೆನೀತಾರೆ. ಅವರು ತೀರಿಕೊಂಡಿದ್ದು ಅದೇ 2020ರಲ್ಲಿ. ಸಿನಿಮಾದವರೂ ಕಷ್ಟ ಬಂದಾಗ ಈ ಕಡೆ ತಿರುಗಿದ್ದುಂಟು. 'ಬೇಡರ ಕಣ್ಣಪ್ಪ' (1954) ಆದ ಮೇಲೂ ಸಿನಿಮಾ ಕಡಿಮೆ ಇದ್ದ ದಿನಗಳಲ್ಲಿ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕನ್ನಡ ಕಲಾವಿದರ ಸಂಘ ಅಂತ ಮಾಡಿ ಊರೂರಲ್ಲಿ ನಾಟಕ ಆಡಿದ್ರು, ಆಮೇಲೆ ಅದೇ ಸಂಘದಿಂದ 1960ರಲ್ಲಿ 'ರಣಧೀರ ಕಂಠೀರವ' ಮಾಡಿದ್ರು. ಕಂಪನಿಗಳು ಈಗಲೂ ಇವೆ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋದ್ರೆ ಸಾಲಾಗಿ ಟೆಂಟ್ ಹಾಕಿರ್ತಾರೆ. ಆದ್ರೆ ಎಲ್ಲರಿಗೂ ಅಲ್ಲಿ ಜಾಗ ಇಲ್ಲ, ಮನೆ ಮಕ್ಕಳು ಬಿಟ್ಟು ತಿಂಗಳುಗಟ್ಟಲೆ ಟೆಂಟಿನಲ್ಲಿರೋದು ಎಲ್ಲರಿಗೂ ಆಗಲ್ಲ. ಹಳ್ಳಿ ನಾಟಕ ಆದ್ರೆ ಬೆಳಿಗ್ಗೆ ಮನೆಗೆ ಬರಬಹುದು.

ಬೆಂಗಳೂರು ಯಾಕೆ ಹೋಗಲಿಲ್ಲ ಅಂತ ನಾವು ಕೇಳ್ತೀವಿ. ಸೀರಿಯಲ್‌ನ ಸಣ್ಣ ಪಾತ್ರದವರ ಲೆಕ್ಕವೂ ದಿನದ್ದೇ. ಕರೆದ ದಿನಕ್ಕೆ ದುಡ್ಡು, ಅದೂ ಕೈಗೆ ಬರೋದು ತಡವಾಗಿ, ಕಥೆಯಲ್ಲಿ ಆ ಪಾತ್ರದ ಟ್ರ್ಯಾಕ್ ಮುಗಿದ್ರೆ ಕೆಲಸವೂ ಮುಗೀತು. ಮೇಲೆ ಬೆಂಗಳೂರಿನ ಬಾಡಿಗೆ. ಮತ್ತೆ ನಮ್ಮ ಭಾಷೆ. ಟಿವಿಯಲ್ಲಿ ನಮ್ಮ ಕಡೆ ಮಾತಾಡೋ ಪಾತ್ರ ಅಂದ್ರೆ ಹೆಚ್ಚಾಗಿ ನಗಿಸೋಕೆ, ಇಲ್ಲಾ ಮನೆಗೆಲಸಕ್ಕೆ. ಅಳೋಕೆ, ಪ್ರೀತಿ ಮಾಡೋಕೆ ನಮ್ಮ ಭಾಷೆ ಆಗಲ್ಲ ಅಂತ ಯಾರು ತೀರ್ಮಾನ ಮಾಡಿದ್ರೋ. ಹಳ್ಳಿ ಸ್ಟೇಜ್ ಮೇಲೆ ಸಾವಿರ ಜನ ಇದೇ ಭಾಷೆ ಕೇಳಿ ಅಳ್ತಾರೆ.

ಹೋಗಿ ಗೆದ್ದವರು ಇಲ್ಲ ಅಂತಲ್ಲ. ಬೀದರ್ ಕಡೆಯ ವೈಜನಾಥ ಬಿರಾದಾರ್ ಅವರನ್ನ ನೀವೆಲ್ಲ ನೋಡಿದ್ದೀರಿ, ಹೆಸರು ಗೊತ್ತಿರಲಿಕ್ಕಿಲ್ಲ. ಭಿಕ್ಷುಕ, ಕುಡುಕ, ಎರಡು ನಿಮಿಷದ ಹಾಸ್ಯ, ಇಂಥ ಪಾತ್ರಗಳಲ್ಲೇ ವರ್ಷಗಟ್ಟಲೆ ದುಡಿದವರು. ಗಿರೀಶ್ ಕಾಸರವಳ್ಳಿ 'ಕನಸೆಂಬೋ ಕುದುರೆಯನೇರಿ'ಯಲ್ಲಿ ಅವರಿಗೆ ಮುಖ್ಯ ಪಾತ್ರ ಕೊಟ್ರು, 2011ರಲ್ಲಿ ಸ್ಪೇನ್‌ನ ಮ್ಯಾಡ್ರಿಡ್‌ನಲ್ಲಿ ನಡೆದ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಇದು ಕಷ್ಟಪಟ್ರೆ ಒಂದಿನ ಬರತ್ತೆ ಅನ್ನೋ ಮೋಟಿವೇಷನ್ ಕಥೆ ಅಲ್ಲ. ಪ್ರಶಸ್ತಿ ಬಂದ ಮೇಲೂ ಅವರು ಸಣ್ಣ ಪಾತ್ರಗಳನ್ನ ಮಾಡ್ತಾನೇ ಹೋದ್ರು. ಜಾಬಿಂಗ್ ಆಕ್ಟರ್‌ಗೆ ಪ್ರಶಸ್ತಿ ಒಂದು ರಾತ್ರಿ, ಮಾರನೇ ದಿನ ಮತ್ತೆ ಫೋನ್ ಕಾಯಬೇಕು.

ಇನ್ನೊಂದು ವಿಷಯ, ನಮ್ಮಂಥವರು ಯೋಚನೆ ಮಾಡಬೇಕಾದದ್ದು. ಗಿಗ್ ಅನ್ನೋ ಪದ ನಾವು ಸ್ವಿಗ್ಗಿ, ಓಲಾದವರಿಗೆ ಬಳಸ್ತೀವಿ. ಮೊದಲು ಅದು ಅಮೆರಿಕದ ಜಾಝ್ ವಾದ್ಯದವರ ಆಡುಮಾತು, ಒಂದು ರಾತ್ರಿಯ ಕಾರ್ಯಕ್ರಮಕ್ಕೆ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗೆ ಅಂತ ಕಾನೂನು ಮಾಡ್ತು. ಒಳ್ಳೆಯದೇ. ಪ್ಲಾಟ್‌ಫಾರ್ಮ್ ಕಂಪನಿ ಕೊಡೋ ಪೇಮೆಂಟ್ ಲೆಕ್ಕದಲ್ಲಿ ಶೇ. 1ರಿಂದ 5ರ ತನಕ ಶುಲ್ಕ ಹಾಕಿ ಕಾರ್ಮಿಕರ ನಿಧಿಗೆ ಹಾಕೋ ವ್ಯವಸ್ಥೆ ಅದರಲ್ಲಿದೆ. ಆದ್ರೆ ಆ ಕಾನೂನು ಇರೋದು ಆ್ಯಪ್ ಮೂಲಕ ಕೆಲಸ ಮಾಡೋರಿಗೆ. ನಿಜವಾದ ಗಿಗ್ ಮಾಡೋ ಅಕ್ಕ ಅದರೊಳಗೆ ಬರಲ್ಲ, ಯಾಕಂದ್ರೆ ಅವರ ಪ್ಲಾಟ್‌ಫಾರ್ಮ್ ಅಂದ್ರೆ ಮಾಸ್ತರ್‌ನ ಕೀಪ್ಯಾಡ್ ಫೋನು. ಯಾರ ಹತ್ತಿರ ಶೇ. 1 ಹಿಡಿಯೋದು? ಪಟ್ಟಿ ಹಾಕಿದ ಹುಡುಗರ ಹತ್ತಿರಾನಾ? ನನಗೆ ತೋಚೋದು, ರಂಗಸಜ್ಜಿಕೆ ಬಾಡಿಗೆಯವರ ಹತ್ತಿರ ನಾಟಕದ ಪಟ್ಟಿ ಇದ್ದೇ ಇರತ್ತೆ, ಅಲ್ಲಿಂದ ಶುರು ಮಾಡಬಹುದು. ಯಾವ ಊರು, ಯಾವ ದಿನ, ಯಾರು ಕಲಾವಿದೆ ಅಂತ ಒಂದು ದಾಖಲೆ. ನಮ್ಮಲ್ಲಿ ಯಾರಾದ್ರೂ ಮೈನರ್ ಪ್ರಾಜೆಕ್ಟ್ ಹುಡುಕ್ತಿದ್ರೆ ಅಟೆಂಡೆನ್ಸ್ ಆ್ಯಪ್ ಇನ್ನೊಂದು ಮಾಡೋ ಬದಲು ಇದನ್ನ ನೋಡಿ.

ದಾಖಲೆ ಯಾಕೆ ಮುಖ್ಯ ಅಂದ್ರೆ ವಯಸ್ಸು. ಈ ಕೆಲಸದಲ್ಲಿ ಪ್ರಮೋಷನ್ ಉಲ್ಟಾ. ಮೊದಲು ಹೀರೋಯಿನ್, ಆಮೇಲೆ ಅತ್ತಿಗೆ, ಆಮೇಲೆ ತಾಯಿ, ಸಂಬಳ ಮೇಲೇರಲ್ಲ, ಇಳಿಯತ್ತೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ 58 ದಾಟಿದ ಕಲಾವಿದರಿಗೆ ಮಾಸಾಶನ ಕೊಡತ್ತೆ. ಅದಕ್ಕೆ ಅರ್ಜಿ ಹಾಕುವಾಗ ಇಷ್ಟು ವರ್ಷ ಕಲಾಸೇವೆ ಮಾಡಿದ್ದೀನಿ ಅಂತ ತೋರಿಸಬೇಕು. ತೋರಿಸೋಕೆ ಏನಿದೆ? ಹ್ಯಾಂಡ್‌ಬಿಲ್. ಚಹಾದಂಗಡಿ ಗೋಡೆ ಮೇಲೆ ಮಳೆಗೆ ಕರಗಿ ಹೋಗೋ ಅದೇ ಕಾಗದ. ಅಕ್ಕನಿಗೆ ಈಗ 41. ಪ್ರತಿ ಊರಿಂದ ಬರುವಾಗ ಎರಡು ಹ್ಯಾಂಡ್‌ಬಿಲ್ ಮಡಿಚಿ ತಂದು, ಮೇಲೆ ತಾರೀಖು ಬರೆದು, ಆ ನೋಟ್‌ಬುಕ್‌ಗಳ ಕೆಳಗೆ ಇಡ್ತಾರೆ. ಹಳೇ ಕೆಲವಕ್ಕೆ ಗೆದ್ದಲು ಹಿಡಿದಿತ್ತು. ಹೋದ ರಜೆಯಲ್ಲಿ ನಾನು ಉಳಿದವನ್ನೆಲ್ಲ ಫೋನ್‌ನಲ್ಲಿ ಸ್ಕ್ಯಾನ್ ಮಾಡಿ ಡ್ರೈವ್‌ಗೆ ಹಾಕಿಕೊಟ್ಟೆ, 2004ರಿಂದ ಇಲ್ಲಿತನಕ 312 ಇವೆ.